ನನ್ನ ಸ್ಯಾಕ್ಸೋಫೋನೂ ಮಾವನವರ ಸೀನೂ

ಒಬ್ಬೊಬ್ಬರಿಗೆ ಒಂದೊಂದು ಚಟ ಇರುತ್ತದೆ, ಚಟಕ್ಕೆ ತಕ್ಕ ಮರ್ಯಾದೆಯೂ ಇರುತ್ತದೆ. ಇಸ್ಪೀಟು ಆಡುವವನನ್ನು ಹೆಂಡತಿ ಬೈಯಬಹುದು, ಆದರೆ ಅವನ ಜೊತೆ ಕೂತು ಆಡುವ ಸ್ನೇಹಿತರಿರುತ್ತಾರೆ. ಬೀಡಿ ಸೇದುವವನು ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವನ ಹತ್ತಿರ ಹೋಗಿ ಬೆಂಕಿಪೊಟ್ಟಣ ಕೇಳಿ, ಎರಡು ಮಾತಾಡಿ ಬರುತ್ತಾನೆ. ಕುಡಿದು ಬಿದ್ದವನನ್ನೂ ಯಾರಾದರೂ ಪುಣ್ಯಾತ್ಮರು ಎತ್ತಿ ಮನೆಗೆ ತಲುಪಿಸುತ್ತಾರೆ. ನನ್ನ ಚಟಕ್ಕೆ ಇಂಥ ಯಾವ ಅನುಕೂಲವೂ ಇಲ್ಲ. ನಾನು ಸ್ಯಾಕ್ಸೋಫೋನು ಊದುತ್ತೇನೆ. ಇದನ್ನು ಹೇಳುವಾಗ ಈಗಲೂ ನನ್ನ ದನಿ ತಾನಾಗಿಯೇ ಇಳಿಯುತ್ತದೆ, ಅಕ್ಕಪಕ್ಕ ಯಾರಾದರೂ ಇದ್ದಾರೆಯೇ ಎಂದು ಕಣ್ಣು ಹೊರಳುತ್ತದೆ. ಚೆನ್ನಾಗಿ ಊದುವವನಾಗಿದ್ದರೆ ನಾಚಿಕೆಪಡುವ ಕಾರಣವಿರಲಿಲ್ಲ. ತೀರಾ ಕೆಟ್ಟದಾಗಿ ಊದುವವನಾಗಿದ್ದರೆ ಎಂದೋ ಬಿಟ್ಟಿರುತ್ತಿದ್ದೆ. ನಾನು ಇವೆರಡರ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದೇನೆ, ಮತ್ತು ಆ ಜಾಗದಲ್ಲಿ ನನ್ನ ಜೊತೆಗೆ ಬೇರೆ ಯಾರೂ ಇಲ್ಲ.

ಹೊಟ್ಟೆಪಾಡಿಗೆ ನಾನು ಪಶು ಆಸ್ಪತ್ರೆಯ ಕಾಂಪೌಂಡರ್. ಸರ್ಕಾರ ನನ್ನನ್ನು ಹೊನ್ನಾಳಿಯಿಂದ ನ್ಯಾಮತಿಗೆ, ನ್ಯಾಮತಿಯಿಂದ ಚನ್ನಗಿರಿಗೆ, ಅಲ್ಲಿಂದ ಈ ಜಗಳೂರಿಗೆ ತಿರುಗಿಸಿತು. ಸರ್ಕಾರದ ಪ್ರಕಾರ ಇವೆಲ್ಲ ಆಡಳಿತದ ದೃಷ್ಟಿಯಿಂದ ಆದ ವರ್ಗಾವಣೆಗಳು. ನನಗೆ ಮನೆ ಬಾಡಿಗೆಗೆ ಕೊಟ್ಟವರನ್ನು ಕೇಳಿದರೆ ಬೇರೆ ಕಾರಣ ಹೇಳುತ್ತಾರೆ.

ಹೊನ್ನಾಳಿಯಲ್ಲಿ ಗೌಸ್ ಸಾಬರು ಅಂತ ಒಬ್ಬರು ಮದುವೆಗೆ ಬ್ಯಾಂಡ್ ಸೆಟ್ ನಡೆಸುತ್ತಿದ್ದರು. ಮದುಮಗನನ್ನು ಕೂರಿಸಿ ಮೆರೆಸಲು ಒಂದು ಬಿಳಿ ಹೆಣ್ಣು ಕುದುರೆ ಸಾಕಿದ್ದರು. ಬ್ಯಾಂಡಿನ ಸದ್ದು ಕಿವಿಗೆ ಬಿದ್ದರೆ ಸಾಕು, ಕಾಲೆತ್ತಿ ಹಾಕಿ ಕುಣಿಯುವುದನ್ನು ಅದಕ್ಕೆ ಕಲಿಸಿದ್ದರು. ಒಂದು ವರ್ಷ ಲಗ್ನದ ಕಾಲದಲ್ಲೇ ಅದಕ್ಕೆ ಹೊಟ್ಟೆಶೂಲೆ ಬಂತು. ಡಾಕ್ಟರು ರಜೆಯಲ್ಲಿದ್ದರು. ನಾನೇ ಹೋಗಿ, ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸಿ, ಹೊಳೆ ದಂಡೆಯುದ್ದಕ್ಕೂ ಅದನ್ನು ನಡೆಸಾಡಿಸಿ, ಅಂತೂ ಸಂಜೆಯ ಹೊತ್ತಿಗೆ ಅದು ಲದ್ದಿ ಹಾಕಿತು. ಅಷ್ಟು ಸಂತೋಷದಿಂದ ಲದ್ದಿ ನೋಡಿದ್ದು ನಾನೂ ಗೌಸ್ ಸಾಬರೂ ಇಬ್ಬರೇ ಇರಬೇಕು. ಅವರು ನನ್ನನ್ನು ಮನೆಗೆ ಕರೆದು ಚಹಾ ಕೊಟ್ಟು, ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ಹಿತ್ತಾಳೆಯ ವಾದ್ಯವೊಂದನ್ನು ತಂದು ಮುಂದಿಟ್ಟರು. ಅದನ್ನು ನುಡಿಸುತ್ತಿದ್ದವನು ಹುಬ್ಬಳ್ಳಿಯ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಆಮೇಲೆ ಅದು ಸೆಟ್ಟಿನ ಯಾರಿಗೂ ಬಗ್ಗಿರಲಿಲ್ಲವಂತೆ. ನಾನು ದನ ಕರು ಬಗ್ಗಿಸುವವನಾದ್ದರಿಂದ ಇದನ್ನೂ ಬಗ್ಗಿಸಿಯೇನು ಎಂದು ಅವರ ಎಣಿಕೆ.

ನಾನು ಕಲಿತದ್ದು ಗುರುವಿಲ್ಲದೆ. ವಾದ್ಯದ ಅರ್ಧ ಗುಂಡಿಗಳು ಒತ್ತಿದರೆ ಏಳುತ್ತಿರಲಿಲ್ಲ, ಇನ್ನರ್ಧ ಒತ್ತುವ ಮೊದಲೇ ಇಳಿದಿರುತ್ತಿದ್ದವು. ಸೈಕಲ್ ಟ್ಯೂಬು ಕತ್ತರಿಸಿ ಕಟ್ಟಿ ಅವನ್ನು ಒಂದು ಹದಕ್ಕೆ ತಂದೆ. ಸಿನಿಮಾ ಹಾಡು ನುಡಿಸಬೇಕೆಂಬುದೇ ನನ್ನ ಆಸೆಯಾಗಿತ್ತು, ದೇವರಾಣೆಗೂ. ಹಾಡಿನ ಮೊದಲ ಸಾಲು ಹಾಡಿನ ಹಾಗೇ ಬರುತ್ತಿತ್ತು. ಎರಡನೇ ಸಾಲಿಗೆ ಹೊರಳುವಾಗ ಏನಾಗುತ್ತಿತ್ತೋ, ಹಗ್ಗ ಕಳಚಿದ ಕರುವಿನ ಹಾಗೆ ಅದು ಎತ್ತಲೋ ಓಡುತ್ತಿತ್ತು. ನಾನು ಅದರ ಹಿಂದೆ ಓಡುತ್ತಿದ್ದೆ. ಮೊದಮೊದಲು ಹಿಡಿದು ತರಲು ಓಡುತ್ತಿದ್ದೆ, ಬರಬರುತ್ತ ಅದು ಎಲ್ಲಿಗೆ ಹೋಗುತ್ತದೋ ನೋಡೋಣ ಎಂದು ಓಡತೊಡಗಿದೆ. ತಪ್ಪಾದದ್ದು ಅಲ್ಲೇ. ಗೌಸ್ ಸಾಬರು ಒಂದು ದಿಬ್ಬಣಕ್ಕೆ ನನ್ನನ್ನು ಸೇರಿಸಿಕೊಂಡು, ಮೆರವಣಿಗೆ ಓಣಿಯ ತಿರುವು ದಾಟುವ ಮೊದಲೇ ಪಕ್ಕಕ್ಕೆ ಕರೆದು, ಬಹಳ ಮೆತ್ತಗೆ, ಇದು ಮೆರವಣಿಗೆಗೆ ಹೊಂದೋದಿಲ್ಲ, ಕುದುರೆಗೆ ಎಲ್ಲಿ ಕಾಲಿಡಬೇಕೋ ತಿಳಿಯದೆ ಒದ್ದಾಡುತ್ತಿದೆ ಎಂದರು. ವಾದ್ಯ ಮಾತ್ರ ವಾಪಸು ಕೇಳಲಿಲ್ಲ. ದೊಡ್ಡ ಮನುಷ್ಯರು.

ಈಗ ನನ್ನ ಹೆಂಡತಿ ಗಿರಿಜಳ ವಿಷಯ, ಅವಳ ತಂದೆಯ ಸೀನಿನ ವಿಷಯ ಹೇಳಬೇಕು. ಅದು ತಿಳಿಯದೆ ಮುಂದಿನ ಕಥೆ ನಡೆಯುವುದಿಲ್ಲ.

ನಮ್ಮ ಮಾವನವರು ನಲ್ಲೂರಿನಲ್ಲಿ ಕಿರಾಣಿ ಅಂಗಡಿ ಇಟ್ಟವರು. ಜನ ಒಳ್ಳೆಯವರು, ಆದರೆ ನಶ್ಯ ಏರಿಸುತ್ತಾರೆ. ಬೆಳ್ಳಿಯ ಸಣ್ಣ ಡಬ್ಬಿಯೊಂದು ಯಾವಾಗಲೂ ಅಂಗಿಯ ಜೇಬಿನಲ್ಲಿ. ಏರಿಸಿದ ಸ್ವಲ್ಪ ಹೊತ್ತಿಗೆ ಒಂದು ಸೀನು ಬರುತ್ತದೆ, ಅಂಗಡಿಯ ತಕ್ಕಡಿ ಅಲ್ಲಾಡುವಂಥದು. ಒಂದೇ ಒಂದು. ನಮ್ಮ ಕಡೆ ಸೀನಿಗೆ ಕಟ್ಟುನಿಟ್ಟಿನ ಲೆಕ್ಕವಿದೆ. ಏನಾದರೂ ಕೆಲಸ ಶುರು ಮಾಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಅಪಶಕುನ, ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೂತುಬಿಡಬೇಕು. ಅದೇ ಮನುಷ್ಯ ಇನ್ನೊಂದು ಸಲ ಸೀನಿದರೆ ದೋಷ ಕಳೆಯಿತು, ಎದ್ದು ಹೊರಡಬಹುದು. ಮಾವನವರಿಗೆ ಆ ಎರಡನೇ ಸೀನು ಜನ್ಮದಲ್ಲಿ ಬಂದದ್ದಿಲ್ಲ. ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಗಟ್ಟಿಮೇಳ ಗಟ್ಟಿಮೇಳ ಎಂದು ಕೂಗಿ ವಾಲಗದವರಿಂದ ಅಷ್ಟೊಂದು ಗದ್ದಲ ಮಾಡಿಸುವುದು ಇದಕ್ಕೇ. ಆ ಗಳಿಗೆಯಲ್ಲಿ ಯಾರಾದರೂ ಸೀನಿದರೂ ಯಾರ ಕಿವಿಗೂ ಬೀಳಬಾರದು. ನಮ್ಮ ಮದುವೆಯಲ್ಲಿ ವಾಲಗದವನಿಗೆ ವಯಸ್ಸಾಗಿತ್ತು. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಆ ಒಂದು ಕ್ಷಣದಲ್ಲಿ ಮಾವನವರು ಸೀನಿದರು. ಚಪ್ಪರವೆಲ್ಲ ಕೇಳಿತು. ಅಂದಿನಿಂದ ನಮ್ಮ ಸಂಸಾರದಲ್ಲಿ ಹಾಲು ಒಡೆದರೂ, ನನಗೆ ಬಡ್ತಿ ತಪ್ಪಿದರೂ ಆ ಸೀನಿನ ಫಲವೇ. ನಾನು ಸ್ಯಾಕ್ಸೋಫೋನು ಮನೆಗೆ ತಂದ ದಿನ ಗಿರಿಜ ಅದನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಅಪ್ಪಯ್ಯನ ಸೀನು ಇನ್ನೂ ಎಲ್ಲಿಗೆ ಮುಟ್ಟಿಸುತ್ತದೋ ಎಂದಳು.

ಅವಳದು ತಪ್ಪೆಂದು ನಾನು ಹೇಳಲಾರೆ. ಹೊನ್ನಾಳಿಯಲ್ಲಿ ಹೊಳೆ ದಂಡೆಗೆ ಹೋಗಿ ಊದುತ್ತಿದ್ದೆ. ಅಲ್ಲಿ ಬಟ್ಟೆ ಒಗೆಯುವವರು ಬೇರೆ ಘಾಟಿಗೆ ಹೋದರು. ನ್ಯಾಮತಿಯಲ್ಲಿ ಹೊಳೆ ಇರಲಿಲ್ಲ, ಮನೆಯಲ್ಲೇ ಬಾಗಿಲು ಕಿಟಕಿ ಹಾಕಿಕೊಂಡು ಊದಿದೆ. ಮಾರನೇ ದಿನ ಬೆಳಿಗ್ಗೆ ಪಕ್ಕದ ಮನೆಯ ಹೆಂಗಸರು ಸಪ್ಪೆ ಮುಖ ಮಾಡಿಕೊಂಡು ಬಂದು ಗಿರಿಜಳ ಕೈ ಹಿಡಿದು ಕೂತರು. ಅವರಲ್ಲಿ ಹಿರಿಯಾಕೆ, ಯಾರವ್ವಾ ಹೋದೋರು, ಹತ್ತಿರದೋರಾ ಎಂದು ಕೇಳಿದಳಂತೆ. ಗಿರಿಜ ಏನು ಹೇಳಬೇಕೋ ತೋಚದೆ, ದೂರದವರು ಎಂದುಬಿಟ್ಟಳು. ಅವತ್ತು ನಾನು ಆಸ್ಪತ್ರೆಯಿಂದ ಬಂದಾಗ ಅವಳು ಬೈಯಲಿಲ್ಲ. ಪಕ್ಕದ ಮನೆಯವರು ಸೂತಕದ ಮನೆಗೆಂದು ಕಳಿಸಿದ್ದ ಅನ್ನ ಸಾರನ್ನು ತಟ್ಟೆಗೆ ಬಡಿಸಿ ಮುಂದಿಟ್ಟಳು, ಅಷ್ಟೇ. ನಾನು ತಲೆ ಎತ್ತದೆ ಉಂಡೆ. ಸಾರು ಚೆನ್ನಾಗಿತ್ತು, ಅದೊಂದು ಬೇರೆ ನಾಚಿಕೆ.

ಚನ್ನಗಿರಿಗೆ ಬಂದ ಮೇಲೆ ನಾಚಿಕೆ ದುಪ್ಪಟ್ಟಾಯಿತು, ಏಕೆಂದರೆ ಅಲ್ಲಿಂದ ನಲ್ಲೂರು ದೂರವಲ್ಲ. ಸಂತೆಗೆ ಬಂದವರೆಲ್ಲ ಗಿರಿಜಳ ತವರಿನವರು. ನಾನು ಊದುವುದನ್ನು ಹೆಚ್ಚು ಕಡಿಮೆ ಬಿಟ್ಟೇಬಿಟ್ಟಿದ್ದೆ. ಬಿಟ್ಟೇ ಹೋಗುತ್ತಿತ್ತು, ರೇಡಿಯೋ ಒಂದು ಇಲ್ಲದಿದ್ದರೆ. ರೇಡಿಯೋಗೆ ಲೈಸೆನ್ಸು ಬೇಕಾಗಿದ್ದ ಕಾಲ ಅದು. ಒಂದು ಭಾನುವಾರ ಬೆಳಿಗ್ಗೆ ಶಾರ್ಟ್‌ವೇವಿನಲ್ಲಿ ಮುಳ್ಳು ತಿರುಗಿಸುತ್ತಿದ್ದಾಗ ಯಾವುದೋ ದೇಶದ ಸ್ಟೇಷನ್ನು ಸಿಕ್ಕಿತು. ಅದರಲ್ಲಿ ಒಬ್ಬ ಸ್ಯಾಕ್ಸೋಫೋನು ಊದುತ್ತಿದ್ದ. ನಾನು ಹಲ್ಲುಜ್ಜುತ್ತಿದ್ದವನು ಹಾಗೇ ನಿಂತೆ. ಅವನ ಹಾಡೂ ಮೊದಲ ಸಾಲಿನ ನಂತರ ಹಗ್ಗ ಕಳಚಿಕೊಂಡಿತ್ತು. ನನ್ನದೇ ಕೀರಲು, ನನ್ನದೇ ಗೊಗ್ಗರು, ನಡುನಡುವೆ ನನ್ನದೇ ಹಾಗೆ ದಿಕ್ಕು ತಪ್ಪಿ ನಿಂತು ಮತ್ತೆ ಓಟ. ನಡುವೆ ಜನ ಕೂಗುತ್ತಿದ್ದರು, ಕಿರುಚುತ್ತಿದ್ದರು. ಮುಗಿದ ಮೇಲೆ ಒಬ್ಬ ಇಂಗ್ಲಿಷಿನಲ್ಲಿ ಮಾತಾಡಿದ. ನನಗೆ ತಿಳಿದ ಮಟ್ಟಿಗೆ, ಇದು ಜಾಝ್ ಎಂಬ ಸಂಗೀತದಲ್ಲಿ ಎಲ್ಲರಿಗಿಂತ ಮುಂದೆ ಹೋದವರ ಬಗೆ, ಈತ ಊದುವುದನ್ನು ಕೇಳಿ ಮೊದಲು ಜನ ನಕ್ಕು ಎದ್ದು ಹೋಗುತ್ತಿದ್ದರು, ಈಗ ಎದ್ದು ನಿಂತು ಕೂಗುತ್ತಾರೆ, ಎಂದಂತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಗಿರಿಜಳನ್ನು ಕೂಗಿದೆ. ಅಷ್ಟರಲ್ಲಿ ಆತ ಮತ್ತೆ ಊದತೊಡಗಿದ್ದ. ಅವಳು ಕೈ ಒರೆಸಿಕೊಳ್ಳುತ್ತ ಬಂದು, ಒಂದು ಕ್ಷಣ ಕೇಳಿ, "ಸ್ಟೇಷನ್ ಸರಿಯಾಗಿ ಹಿಡ್ದಿಲ್ಲ ಕಣ್ರೀ" ಎಂದು ಮುಳ್ಳನ್ನು ಒಂದಿಷ್ಟು ತಿರುಗಿಸಿ ಒಳಗೆ ಹೋದಳು. ಅಲ್ಲಿ ಯಾರೋ ಗೊಬ್ಬರ ಹಾಕುವ ಕ್ರಮ ಹೇಳುತ್ತಿದ್ದರು. ಎಷ್ಟು ಹುಡುಕಿದರೂ ಆ ಮನುಷ್ಯ ನನಗೆ ಮತ್ತೆ ಸಿಗಲಿಲ್ಲ.

ಆದರೆ ಅಂದಿನಿಂದ ನನ್ನ ನಡಿಗೆ ಬದಲಾಯಿತು. ದನದ ಬಾಯಿ ಬಿಡಿಸುವಾಗಲೂ, ನಾನು ಎಲ್ಲರಿಗಿಂತ ಮುಂದೆ ಹೋದವನು ಎಂಬ ಭಾವ. ತಪ್ಪು ನುಡಿಸುವವನಿಗೆ ತನ್ನದು ತಪ್ಪೆಂಬ ನಾಚಿಕೆ ಇರುವವರೆಗೆ ಊರಿಗೆ ಅಪಾಯವಿಲ್ಲ. ನನ್ನ ಆ ನಾಚಿಕೆ ಸರಿಯಾಗಿ ನಾದಿನಿಯ ಮದುವೆಯ ಹೊತ್ತಿಗೆ ಹೊರಟುಹೋಗಿತ್ತು.

ನಾದಿನಿ ಶಾಂತಳನ್ನು ಹೊನ್ನಾಳಿಯ ಕಡೆಯವರಿಗೆ ಕೊಡುವುದೆಂದಾಗಿತ್ತು. ಗಂಡಿನ ಸೋದರಮಾವ ಶಕುನದಲ್ಲಿ ಬಲು ಬಿಗಿ. ನಮ್ಮ ಮಾವನವರ ಸೀನಿನ ಕೀರ್ತಿ ಅವರವರೆಗೂ ಮುಟ್ಟಿತ್ತು. ಮಾತುಕತೆಯ ದಿನವೇ, ಅಕ್ಕಿಕಾಳು ಬೀಳುವಾಗ ಸೀನು ಕೇಳಿದರೆ ನಾವು ಎದ್ದು ಹೋಗುವವರು ಎಂದು ಎಲ್ಲರ ಎದುರಿಗೆ ಹೇಳಿದ್ದರು. ಅದಕ್ಕೇ ಮಾವನವರು ಸವಳಂಗದ ಕಡೆಯಿಂದ ಗಟ್ಟಿ ವಾಲಗದವರನ್ನು ಗೊತ್ತುಮಾಡಿದ್ದರು. ಗಿರಿಜ ನನ್ನಿಂದ ಮಾತು ತೆಗೆದುಕೊಂಡಿದ್ದಳು: ನಾನು ಹಿರೇ ಅಳಿಯ, ಪಂಚೆ ಶಲ್ಯ ಹಾಕಿಕೊಂಡು ಹಿರೇ ಅಳಿಯನ ಹಾಗೆ ಕೂರಬೇಕು, ಆ ಹಿತ್ತಾಳೆ ಸಾಮಾನು ನಲ್ಲೂರಿನ ಗಡಿ ದಾಟಬಾರದು. ಮಾತು ಕೊಟ್ಟೆ. ಕೊಟ್ಟು, ಅದನ್ನು ಹಾಸಿಗೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ದಿಬ್ಬಣಕ್ಕೆ ಗೌಸ್ ಸಾಬರ ಸೆಟ್ಟೇ ಬರುವುದಿತ್ತು. ಅವರಿಗೆ ತೋರಿಸಿ ಒಂದು ಗುಂಡಿ ಸರಿಮಾಡಿಸಿಕೊಳ್ಳುವುದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಬೆಳಿಗ್ಗೆ ದಿಬ್ಬಣ ಚೆನ್ನಾಗಿಯೇ ಬಂತು. ಗೌಸ್ ಸಾಬರ ಸೆಟ್ಟಿಗೆ ಅದೇ ದಿನ ಇನ್ನೊಂದು ಊರಿನ ಮದುವೆ ಇದ್ದುದರಿಂದ ಅವರೆಲ್ಲ ಲಾರಿ ಹತ್ತಿ ಹೋದರು. ಲಾರಿ ಏರದ ಕುದುರೆ, ಅದರ ಜೊತೆಗೆ ಗೌಸ್ ಸಾಬರು, ಊಟ ಮಾಡಿ ಹೋಗುತ್ತೇನೆಂದ ಒಬ್ಬ ಡೋಲಿನವ, ಇಷ್ಟೇ ಉಳಿದರು. ಕುದುರೆಯನ್ನು ಚಪ್ಪರದ ಮೂಲೆಯ ಕಂಬಕ್ಕೆ ಕಟ್ಟಿದ್ದರು. ನಾನು ಹಿರೇ ಅಳಿಯನ ಹಾಗೆ ಜಮಖಾನದ ಮೇಲೆ ಕೂತೆ. ಮುಹೂರ್ತ ಹತ್ತಿರವಾಯಿತು, ವಾಲಗದವರು ಬರಲಿಲ್ಲ. ಅವರು ಬರುತ್ತಿದ್ದ ಬಸ್ಸು ಸವಳಂಗ ದಾಟಿ ಕೆಟ್ಟು ನಿಂತಿದೆ ಎಂದು ಸೈಕಲ್ಲಿನವರೊಬ್ಬರು ಸುದ್ದಿ ತಂದರು. ಹೆಣ್ಣಿನ ಕಡೆಯವರ ಮುಖದಲ್ಲಿ ರಕ್ತವಿರಲಿಲ್ಲ. ಮಾವನವರು ಮದುವೆ ಪಂಚೆಯಲ್ಲಿ ಅಪರಾಧಿಯ ಹಾಗೆ ನಿಂತಿದ್ದರು. ಗಂಡಿನ ಸೋದರಮಾವ ಅವರ ಮೂಗಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಶಾಂತ ತಲೆ ತಗ್ಗಿಸಿ ಹಸೆಯ ಮೇಲೆ ಕೂತಿದ್ದಳು, ಬಾಸಿಂಗ ಸಣ್ಣಗೆ ನಡುಗುತ್ತಿತ್ತು. ಜಾಗಟೆ ಹೊಡೆಯೋಣವೆಂದರು, ತಟ್ಟೆ ಬಡಿಯೋಣವೆಂದರು. ಮಾವನವರ ಸೀನನ್ನು ಬಲ್ಲ ನಲ್ಲೂರಿನವರು ಅದು ತಟ್ಟೆಗೆ ಮುಚ್ಚುವಂಥದಲ್ಲ ಎಂದು ತಲೆ ಆಡಿಸಿದರು.

ಆಗ ಗಿರಿಜ ಹೆಂಗಸರ ನಡುವಿನಿಂದ ಎದ್ದು ನನ್ನ ಹತ್ತಿರ ಬಂದಳು.

"ಹಾಸಿಗೇಲಿ ಇರೋದನ್ನ ತಗಂಡು ಬರ್ರಿ."

ನನಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣವೆನಿಸಿತು. ಯಾವ ಹಾಸಿಗೆ, ಏನು ಎಂದು ತೊದಲಿದೆ.

"ಹತ್ತಿ ಹಾಸಿಗೆ ಅಷ್ಟು ಭಾರ ಇರಂಗಿಲ್ಲ. ಹೊತ್ತು ಐತೇನು ಈಗ? ತಗಂಡು ಬರ್ರಿ. ಗಟ್ಟಿಮೇಳ ಮುಗಿಯೋತನ ಊದ್ರಿ, ಆಮೇಲೆ ನಿಲ್ಲಸ್ರಿ."

ಹೋಗಿ ತಂದೆ. ಮಂತ್ರ ಹೇಳುತ್ತಿದ್ದ ಅಯ್ನೋರು ಕೈ ಎತ್ತಿದರು, ಡೋಲಿನವ ಬಡಿದ, ನಾನು ಊದಿದೆ. ಮೊದಲ ಸಾಲು ಎಂಬುದರ ಗೊಡವೆಯೇ ಇಲ್ಲದೆ ನೇರವಾಗಿ ಎರಡನೆಯದಕ್ಕೆ ಹಾರಿದೆ. ಬದುಕಿನಲ್ಲಿ ಮೊದಲ ಸಲ ಜನ ನನ್ನಿಂದ ಬಯಸಿದ್ದೂ ನನಗೆ ಬರುತ್ತಿದ್ದುದೂ ಒಂದೇ ಆಗಿತ್ತು. ಹಾಡು ಬೇಡ, ತಾಳ ಬೇಡ, ಗದ್ದಲ ಬೇಕು. ಅಕ್ಕಿಕಾಳು ತಲೆಯ ಮೇಲೆಲ್ಲ ಬಿತ್ತು. ಹೊನ್ನಾಳಿಯ ಹೊಳೆ, ನ್ಯಾಮತಿಯ ಮುಚ್ಚಿದ ಕಿಟಕಿ, ತಪ್ಪಿದ ಬಡ್ತಿ, ರೇಡಿಯೋದ ಆ ಮನುಷ್ಯ, ಎಲ್ಲವೂ ಆ ಹಿತ್ತಾಳೆಯೊಳಗಿಂದ ಹೊರಟವು. ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ಮುಚ್ಚಬಾರದಿತ್ತು. ತಾಳಿ ಕಟ್ಟಿ ಆದದ್ದು ನನಗೆ ಕಾಣಲಿಲ್ಲ. ಡೋಲಿನವ ನಿಲ್ಲಿಸಿದ್ದು ತಿಳಿಯಲಿಲ್ಲ. ಜನ ಕೂಗುವುದು ಕೇಳಿಸಿತು, ಆದರೆ ರೇಡಿಯೋದಲ್ಲೂ ಜನ ಹೀಗೇ ಕೂಗಿದ್ದರು. ಕೂಗು ಹೆಚ್ಚಾಯಿತು, ನಾನೂ ಹೆಚ್ಚು ಮಾಡಿದೆ. ಯಾರೋ ಕಿರುಚಿದರು, ಅದಕ್ಕೆ ತಕ್ಕ ಹಾಗೆ ನಾನೂ ಕಿರುಚಿಸಿದೆ. ಯಾರೋ ಶಲ್ಯ ಹಿಡಿದು ಜಗ್ಗಿದಾಗ, ಅಭಿಮಾನಿಗಳಿರಬೇಕು ಎಂದುಕೊಂಡೆ. ಕೊನೆಗೆ ಗೌಸ್ ಸಾಬರು ವಾದ್ಯದ ಬಾಯಿಗೆ ತಮ್ಮ ಟೋಪಿ ತುರುಕಿದ ಮೇಲೆ ಕಣ್ಣು ಬಿಟ್ಟೆ.

ಆದದ್ದು ಇಷ್ಟು. ಕುದುರೆ ಮೊದಲು ಸುಮ್ಮನೇ ಇತ್ತು. ಎಲ್ಲ ನಿಂತು ನನ್ನದೊಂದೇ ಉಳಿದಾಗ ಅದಕ್ಕೆ ಹೊನ್ನಾಳಿಯ ನೆನಪು ಬಂದಿರಬೇಕು. ಕುಣಿಯತೊಡಗಿತು. ತಾಳ ಸಿಗದೆ ನಾಲ್ಕೂ ದಿಕ್ಕಿಗೆ ಕುಣಿಯಿತು. ಕಟ್ಟಿದ ಕಂಬವೂ ಅದರ ಜೊತೆ ಹೊರಟಿತು. ಚಪ್ಪರದ ಆ ಮೂಲೆ ಮೆಲ್ಲಗೆ ಇಳಿದು ಗಂಡಿನ ಕಡೆಯ ಹಿರಿಯರ ಮೇಲೆ ಕೂತಿತ್ತು. ತೆಂಗಿನ ಗರಿಗಳ ನಡುವಿನಿಂದ ಸೋದರಮಾವನವರ ಪೇಟ ಮಾತ್ರ ಕಾಣುತ್ತಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅವರನ್ನು ಹೊರಗೆ ತೆಗೆದು, ಧೂಳು ಕೊಡವಿ, ನೀರು ಕೊಟ್ಟರು. ಅವರು ಕುಡಿದು ಸಾವಕಾಶವಾಗಿ ಹೇಳಿದರು:

"ಸೀನು ಕೇಳಿಸಲಿಲ್ಲ, ಖರೆ. ಮಂತ್ರಾನೂ ಕೇಳಿಸಲಿಲ್ಲ."

ಅಷ್ಟಕ್ಕೇ ಬಿಟ್ಟರು. ಶಾಂತಳ ಮದುವೆ ಉಳಿಯಿತು. ನನ್ನ ಮರ್ಯಾದೆ ಬಿತ್ತು. ಹಿರೇ ಅಳಿಯನಿಗೆ ಮೊದಲ ಪಂಕ್ತಿಯಲ್ಲಿ ಹಾಕಿದ್ದ ಎಲೆ ಖಾಲಿ ಉಳಿಯಿತು. ನಾನು ಅಡುಗೆಯವರ ಜೊತೆ ಒಲೆಯ ಹಿಂದೆ ಕೂತು ಉಂಡೆ. ಗಿರಿಜಳ ಮುಖ ನೋಡುವ ಧೈರ್ಯವಾಗಲಿಲ್ಲ.

ಸಂಜೆ ಚನ್ನಗಿರಿಯ ಬಸ್ಸಿಗೆ ಬೀಳ್ಕೊಡಲು ಮಾವನವರು ಬಂದರು. ನನ್ನನ್ನು ಏನೂ ಅನ್ನಲಿಲ್ಲ, ಪಾಪ. ಮೂಗು ಉಜ್ಜಿಕೊಳ್ಳುತ್ತ ಮಗಳ ಹತ್ತಿರ ದೂರಿಕೊಂಡರು. "ನಶ್ಯದ ಡಬ್ಬಿ ಬೆಳಗಿಂದ ಸಿಕ್ಕಿಲ್ಲವ್ವ. ಎಲ್ಲಿ ಬಿತ್ತೋ ಏನೋ. ಮೂಗು ಒಣಗಿ ಹೋಗೈತೆ, ಇವತ್ತು ಒಂದೂ ಸೀನು ಬಂದಿಲ್ಲ ನೋಡು" ಎಂದರು. ನಾನು ಅವರನ್ನೇ ನೋಡಿದೆ. ಹಾಗಾದರೆ ನಾನು ಮುಚ್ಚಿದ್ದು ಯಾವ ಸೀನನ್ನು?

ಬಸ್ಸು ನಲ್ಲೂರು ದಾಟಿದ ಮೇಲೆ ಗಿರಿಜ ಸೊಂಟದಿಂದ ಆ ಬೆಳ್ಳಿ ಡಬ್ಬಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ನಸುಕಿನಲ್ಲೇ ಅಪ್ಪನ ಅಂಗಿಯಿಂದ ತೆಗೆದಿಟ್ಟುಕೊಂಡಿದ್ದಳಂತೆ. ಸೀನು ಬರುವುದಿಲ್ಲವೆಂದು ಆ ಚಪ್ಪರದಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಮತ್ತೆ ನನಗೆ ಯಾಕೆ ಊದು ಅಂದೆ ಎಂದು ಕೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು:

"ಬೆಳಗಿಂದ ನಿಮ್ಮ ಬೆರಳು ಮೊಣಕಾಲ ಮ್ಯಾಲೆ ಆಡ್ತಿದ್ವು. ನೋಡಾಕೆ ಆಗಲಿಲ್ಲ. ನಮ್ಮೋರ ಮುಂದೆ ಒಂದು ಸಲ ಊದ್ಲಿ, ಮರ್ಯಾದಿ ಬರ್ಲಿ ಅಂದ್ಕಂಡೆ. ನಿಲ್ಲಸ್ತೀರಿ ಅಂತ ತಿಳ್ಕಂಡಿದ್ದೆ."

ನಾನು ಆಡಿಕೊಂಡ ಜನರ ಎದುರು ನಾಚಿದ್ದೇನೆ, ಮನೆ ಬಿಡಿಸಿದವರ ಎದುರು ನಾಚಿದ್ದೇನೆ, ಕುದುರೆಯ ಎದುರೂ ನಾಚಿದ್ದೇನೆ. ಆ ಬಸ್ಸಿನಲ್ಲಿ ಆದ ನಾಚಿಕೆಯ ಮುಂದೆ ಅವೆಲ್ಲ ಏನೂ ಅಲ್ಲ. ಪ್ರಪಂಚದಲ್ಲಿ ನನ್ನ ವಾದ್ಯವನ್ನು ಬೇಕೆಂದು ಕೇಳಿದವಳು ಒಬ್ಬಳೇ, ಕೇಳಿದ್ದು ಒಂದೇ ಸಲ, ಅದೂ ನನ್ನ ಮೇಲಿನ ಕರುಣೆಯಿಂದ. ನಾನು ಅವಳ ತವರಿನ ಚಪ್ಪರ ಕೆಡವಿದೆ.

ಕಲಾವಿದನಾಗಿ ನನ್ನ ಏಳಿಗೆ ಆಮೇಲೆಯೇ ಆಯಿತು ಎನ್ನುವುದನ್ನೂ ಹೇಳಬೇಕು. ಜಗಳೂರಿಗೆ ಬಂದ ಮೇಲೂ ಸುತ್ತಿನ ಊರುಗಳಿಂದ ಗಟ್ಟಿಮೇಳಕ್ಕೆ ಮಾತ್ರ ಎಂದು ಕರೆಯಲು ಬರುತ್ತಾರೆ. ನಶ್ಯದ ಮನೆಗಳವರೇ ಹೆಚ್ಚು. ಕುದುರೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೋಗುತ್ತೇನೆ, ಕಣ್ಣು ಬಿಟ್ಟುಕೊಂಡು ಊದುತ್ತೇನೆ, ಅಯ್ನೋರ ಕೈ ಇಳಿದ ಕೂಡಲೇ ನಿಲ್ಲಿಸುತ್ತೇನೆ. ಎಲ್ಲರಿಗಿಂತ ಮುಂದೆ ಹೋದವನು ಈಗ ಎಲ್ಲರ ಜೊತೆಗೇ ನಿಲ್ಲುವುದನ್ನು ಕಲಿತಿದ್ದಾನೆ.

ಮನೆಯಲ್ಲಿ ಸಾಧನೆಗೆ ಗಿರಿಜಳ ಅಡ್ಡಿಯಿಲ್ಲ. ಜಗಳೂರಿನ ನಮ್ಮ ಕ್ವಾರ್ಟರ್ಸಿನ ಹಿಂದೆ ಬಯಲು, ಬಯಲಿನಲ್ಲಿ ಜಾಲಿ, ಸೂತಕ ಕೇಳಲು ಬರುವ ನೆರೆಯವರಿಲ್ಲ. ಆದರೆ ಒಂದು ವಿಚಿತ್ರ. ನಾನು ಹಿತ್ತಿಲಿನ ಕಟ್ಟೆಯ ಮೇಲೆ ಕೂತು ವಾದ್ಯವನ್ನು ಬಾಯಿಗಿಡುವುದಕ್ಕೂ ಅಡುಗೆಮನೆಯಿಂದ ಒಂದು ಸೀನು ಬರುವುದಕ್ಕೂ ಸರಿಹೋಗುತ್ತದೆ. ಅವಳಿಗೆ ನೆಗಡಿಯಿಲ್ಲ. ಬೆಳ್ಳಿ ಡಬ್ಬಿ ಇಂಗಿನ ಡಬ್ಬಿಯ ಪಕ್ಕದಲ್ಲಿರುವುದನ್ನು ನಾನು ನೋಡಿದ್ದೇನೆ, ಮಾವನವರು ಬೇರೆ ಕೊಂಡುಕೊಂಡಿದ್ದಾರೆ. ಒಂಟಿ ಸೀನಾದ ಮೇಲೆ ಪದ್ಧತಿ ಪದ್ಧತಿಯೇ. ವಾದ್ಯವನ್ನು ತೊಡೆಯ ಮೇಲಿಟ್ಟು ಕೂರುತ್ತೇನೆ. ಕೆಲವು ದಿನ ಎರಡನೆಯದು ಬೇಗ ಬರುತ್ತದೆ, ಆಗ ಊದುತ್ತೇನೆ. ಕೆಲವು ದಿನ ಬರುವುದೇ ಇಲ್ಲ, ಆಸ್ಪತ್ರೆಗೆ ಹೊರಡುತ್ತೇನೆ. ಯಾವ ದಿನ ಬರುತ್ತದೆ, ಯಾಕೆ ಬರುತ್ತದೆ ಎಂದು ನಾನು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ.

ಇವತ್ತು ಬೆಳಿಗ್ಗೆ ಮೊದಲನೆಯದು ಆಗಿದೆ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ಎರಡನೆಯದು ಬರುವವರೆಗೆ ಸುಮ್ಮನೆ ಯಾಕೆ ಕೂರಬೇಕೆಂದು ಇದನ್ನು ಬರೆಯಲು ಕೂತೆ. ಇಷ್ಟುದ್ದವಾಯಿತು, ಇನ್ನೂ ಬಂದಿಲ್ಲ.